ಎರಡು ಬೆರಳು

ಯಾದಗಿರಿಯಿಂದ ಶಹಾಪುರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿದ್ದು ಪುಣ್ಯವೋ ಪಾಪವೋ ಎಂಬುದು ಸಂಜೆ ಮನೆಗೆ ಬಂದು ಹೆರಳು ಬಿಚ್ಚಿದಾಗ ಗೊತ್ತಾಗುತ್ತದೆ. ಭೀಮಾ ಸೇತುವೆಯ ಮೇಲೆ ಬೀಸುವ ಗಾಳಿ ಹಿತವಾಗಿಯೇ ಇರುತ್ತದೆ. ದಾಟಿದ ಮೇಲಿನದು ಒಲೆಯ ಬಾಯಿಂದ ಹೊರಟ ಗಾಳಿ. ಕಿಟಕಿ ಮುಚ್ಚೋಣವೆಂದರೆ ಹಿಂದಿನ ಸೀಟಿನವರು ‘ತೆಗೀರಿ, ಉಬ್ಬಿ ಬರ್ಲಕ್ಕತ್ತದ’ ಅನ್ನುತ್ತಾರೆ. ತೆಗೆದರೆ ನನ್ನ ಹೆರಳು ಬಿಚ್ಚಿ, ಪಕ್ಕದವರ ಮೂಗು ಬಾಯಿಗೆಲ್ಲ ಹೋಗಿ ಬರುತ್ತದೆ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ಕಿಟಕಿ ಸೀಟು ಹಾಗಿರಲಿ, ಕಾಲೂರಲು ಜಾಗ ಸಿಕ್ಕರೆ ಅದೇ ದೊಡ್ಡದು. ಶಕ್ತಿ ಯೋಜನೆಯಿಂದ ನನ್ನ ಕೂದಲಿಗೂ ಒಂದಿಷ್ಟು ಉಪಕಾರವಾಗಿದೆ ಎಂದು ನಾನು ಎಲ್ಲಿಯೂ ಹೇಳಿಲ್ಲ. ಈಗ ಹೇಳುತ್ತಿದ್ದೇನೆ.

ನನ್ನ ಕೂದಲ ತುದಿ ಕವಲೊಡೆದದ್ದು ಮೊದಲು ಕಣ್ಣಿಗೆ ಬಿದ್ದದ್ದೂ ಆ ಬಸ್ಸಿನಲ್ಲೇ. ಹೆರಳ ತುದಿಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದೆ. ಬಿಸಿಲಿಗೆ ಒಡ್ಡಿದಾಗ ತುದಿಯೆಲ್ಲ ಕೆಂಚಗೆ ಕಂಡಿತು. ಒಂದು ಕೂದಲನ್ನು ಬೇರೆ ಮಾಡಿ ನೋಡಿದರೆ ಹಾವಿನ ನಾಲಗೆಯಂತೆ ಎರಡು ಸೀಳು. ಇನ್ನೊಂದಕ್ಕೆ ಮೂರು. ಇನ್ನೂ ಒಂದು ಜಾಲಿ ಟೊಂಗೆಯ ಹಾಗೆ ಮೂರು ಕಡೆ ಒಡೆದು ನಿಂತಿತ್ತು. ಅವತ್ತಿನಿಂದ ನನಗೊಂದು ಚಟ ಹತ್ತಿತು. ಒಂದೊಂದೇ ಕೂದಲು ಹಿಡಿದು, ಕವಲಿನ ಎರಡೂ ಎಳೆಗಳನ್ನು ಉಗುರಿನಲ್ಲಿ ಎಳೆದು ಮೇಲಿನವರೆಗೂ ಸೀಳುವುದು. ಇದಕ್ಕಿಂತ ಕೆಟ್ಟ ಚಿಕಿತ್ಸೆ ಮತ್ತೊಂದಿಲ್ಲ. ಸಣ್ಣ ಸೀಳನ್ನು ಕೈಯಾರೆ ದೊಡ್ಡದು ಮಾಡುವ ಕೆಲಸ ಅದು. ಆದರೆ ಅದರಲ್ಲಿರುವ ಸುಖ ಸೀಳಿದವರಿಗೇ ಗೊತ್ತು. ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ಬಹಳ ಹೊತ್ತು ನೋಡಿ, ದನಿ ಇಳಿಸಿ ಕೇಳಿದಳು: “ಹೇನಾ ಏನವ್ವಾ?” ಅಲ್ಲ ಅಂದೆ. ನಂಬಲಿಲ್ಲ. ದೋರನಹಳ್ಳಿ ಬರುವ ಹೊತ್ತಿಗೆ ಅವಳಿಗೂ ನನಗೂ ನಡುವೆ ಒಂದು ಮೊಳ ಜಾಗ ಬಿದ್ದಿತ್ತು.

ಶಹಾಪುರ ಹತ್ತಿರ ಬಂದಾಗ ಗುಡ್ಡಗಳ ಸಾಲಿನಲ್ಲಿ ಬುದ್ಧ ಮಲಗಿರುವುದು ಕಾಣುತ್ತದೆ. ಯಾರೂ ಕೆತ್ತಿದ್ದಲ್ಲ. ಬಂಡೆಗಳೇ ಹಣೆ, ಮೂಗು, ಗದ್ದ, ಎದೆ ಆಗಿ ಅಂಗಾತ ಮಲಗಿವೆ. ಹೊಸಬರಿಗೆ ತೋರಿಸಿದರೆ ಮೊದಲು ಕಾಣುವುದಿಲ್ಲ, ಒಮ್ಮೆ ಕಂಡ ಮೇಲೆ ಬರೀ ಗುಡ್ಡವಾಗಿ ಮತ್ತೆಂದೂ ಕಾಣುವುದಿಲ್ಲ. ನಾನು ದಿನಾ ನೋಡುವುದು ಆ ತಲೆಯನ್ನು. ಸಿದ್ಧಾರ್ಥ ಮನೆ ಬಿಟ್ಟು ಬಂದು ಅನೋಮಾ ನದಿಯ ದಂಡೆಯಲ್ಲಿ ತನ್ನ ಕತ್ತಿಯಿಂದಲೇ ಕೂದಲು ಕತ್ತರಿಸಿಕೊಂಡನೆಂದು ಜಾತಕದ ನಿದಾನಕಥೆ ಹೇಳುತ್ತದೆ. ಉಳಿದದ್ದು ಎರಡು ಅಂಗುಲ. ಅದು ಬಲಕ್ಕೆ ಸುರುಳಿ ಸುತ್ತಿ ತಲೆಗೆ ಅಂಟಿಕೊಂಡಿತು, ಆಮೇಲೆ ಬದುಕಿರುವವರೆಗೂ ಬೆಳೆಯಲಿಲ್ಲ, ಮತ್ತೆ ಕತ್ತರಿಸುವ ಪ್ರಸಂಗವೇ ಬರಲಿಲ್ಲ. ಪುಣ್ಯವಂತ. ಎಣ್ಣೆ ಇಲ್ಲ, ಸೀಗೆ ಇಲ್ಲ, ಬಸ್ಸಿನ ಗಾಳಿ ಇಲ್ಲ. ಎರಡು ಅಂಗುಲದ ಕೂದಲು ಕವಲೊಡೆಯುವಷ್ಟು ಮುದಿಯಾಗುವುದೇ ಇಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ನಮ್ಮ ಮನೆಯಲ್ಲಿ ಮಾತ್ರ ಹೆಣ್ಣುಮಕ್ಕಳ ಕೂದಲಿಗೆ ಕತ್ತರಿ ಹಚ್ಚುವ ಹಾಗಿಲ್ಲ. ನನ್ನ ತಲೆಗೆ ಕತ್ತಿ ತಾಕಿದ್ದು ಒಂದೇ ಸಲ, ತಿಂಥಣಿ ಮೌನೇಶ್ವರನಲ್ಲಿ, ಕೃಷ್ಣೆಯ ದಂಡೆಯಲ್ಲಿ, ಸೋದರಮಾವನ ತೊಡೆಯ ಮೇಲೆ ಕೂರಿಸಿ ಜವಳ ತೆಗೆದಾಗ. ಅವತ್ತು ನಾನು ಅತ್ತ ಅಳುವಿಗೆ ಮಾವನ ಹೊಸ ಧೋತರ ಒದ್ದೆಯಾಯಿತಂತೆ. ಅಳುವಿನಿಂದ ಮಾತ್ರ ಅಲ್ಲ ಎಂದು ಮಾವ ಈಗಲೂ ಹೇಳುತ್ತಾರೆ. ಆ ಮೇಲೆ ಕತ್ತರಿ ಇಲ್ಲ. ಶಾಲೆಯಲ್ಲಿ ಗೆಳತಿಯರು ಬಾಬ್ ಮಾಡಿಸಿಕೊಂಡು ಬಂದಾಗ ನಾನೂ ಹಟ ಹಿಡಿದಿದ್ದೆ. ಅವ್ವ ರೊಟ್ಟಿ ಬಡಿಯುತ್ತಲೇ ಅಂದಿದ್ದಳು: “ಕೂದಲಿದ್ದಾಕಿ ಹ್ಯಾಂಗ ತುರುಬ ಕಟ್ಟಿದ್ರೂ ಚಂದ. ಇಲ್ಲದಾಕಿ ಏನ್ ಕಟ್ಟತಾಳ, ನನ್ ತಲಿ?” ಅವ್ವನ ತಲೆ ಕಟ್ಟಲಿಕ್ಕೆ ಬರುವುದಿಲ್ಲವಾದ್ದರಿಂದ ಮಾತು ಅಲ್ಲಿಗೆ ಮುಗಿಯಿತು.

ಅವ್ವನ ಕಾನೂನುಗಳು ಇನ್ನೂ ಇದ್ದವು. ದೀಪ ಹಚ್ಚಿದ ಮೇಲೆ ತಲೆ ಹಿಕ್ಕಬಾರದು. ಎರಕೊಳ್ಳುವುದು ಮಂಗಳವಾರ, ಶುಕ್ರವಾರ. ಹಣಿಗೆಗೆ ಬಂದ ಕೂದಲು ಮನೆಯಲ್ಲಿ ಹಾರಾಡಬಾರದು, ಉಂಡೆ ಮಾಡಿ ಗೋಡೆಯ ಸಂದಿಗೆ ತುರುಕಬೇಕು. ಸುರಪುರದ ನಮ್ಮ ಮನೆ ಕಲ್ಲುಗೋಡೆಯದು, ರಂಗಂಪೇಟೆಯ ಒಂದು ಓಣಿಯಲ್ಲಿ. ಆ ಗೋಡೆಯ ಸಂದಿಗಳಲ್ಲಿ ನಾಲ್ಕು ತಲೆಮಾರಿನ ಹೆಂಗಸರ ಕೂದಲಿತ್ತು. ಗೋಡೆ ನಿಂತದ್ದು ಗಾರೆಯಿಂದಲೋ ಕೂದಲಿಂದಲೋ ಹೇಳುವುದು ಕಷ್ಟ.

ಶುಕ್ರವಾರದ ಎರಕೊಳ್ಳುವಿಕೆ ಎಂದರೆ ಸಣ್ಣ ಯುದ್ಧ. ಬಚ್ಚಲ ಒಲೆಗೆ ತೊಗರಿ ಕಟ್ಟಿಗೆ, ಮೇಲೆ ತಾಮ್ರದ ಹಂಡೆ. ಹಿಂದಿನ ರಾತ್ರಿಯೇ ತಲೆಗೆ ಕೊಬ್ಬರಿ ಎಣ್ಣೆ. ಅವ್ವ ಎಣ್ಣೆ ಹಚ್ಚುವುದೆಂದರೆ ಹೂವು ಮುಟ್ಟಿದ ಹಾಗೆ ಏನೂ ಅಲ್ಲ, ಜೋಳದ ಹಿಟ್ಟು ನಾದಿದ ಹಾಗೆ. ನಂತರ ಸೀಗೆಪುಡಿ. ಕಣ್ಣಿಗೆ ಬಿದ್ದರೆ ಮುಂದಿನ ಒಂದು ತಾಸು ಲೋಕವೆಲ್ಲ ಕೆಂಪು. ಒರೆಸುವುದಕ್ಕೆ ಟವೆಲ್ ಅಲ್ಲ, ಹಳೆಯ ನೂಲಿನ ಇಳಕಲ್ ಸೀರೆಯ ತುಂಡು. ಇಷ್ಟರವರೆಗೆ ಅವ್ವ ಮಾಡಿದ್ದೆಲ್ಲ ಸರಿ ಎಂದು ಈಗಿನ ಚರ್ಮದ ಡಾಕ್ಟರರೂ ಒಪ್ಪುತ್ತಾರೆ. ಒರಟು ಟವೆಲಿನಲ್ಲಿ ತಿಕ್ಕಿದರೆ ಕೂದಲ ಮೇಲಿನ ಸಿಪ್ಪೆ ಏಳುತ್ತದೆ, ಮೆತ್ತಗಿನ ಹಳೆ ಬಟ್ಟೆಯೇ ಒಳ್ಳೆಯದು. ಅವ್ವ ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಕೂದಲು ಹಸಿ ಇರುವಾಗಲೇ ಸಣ್ಣ ಹಲ್ಲಿನ ಹಣಿಗೆ ತೆಗೆದುಕೊಂಡು ನೆತ್ತಿಯಿಂದ ಒಂದೇ ಎಳೆತಕ್ಕೆ ಕೆಳಗಿನವರೆಗೂ ಎಳೆಯುತ್ತಿದ್ದಳು. ಕೂದಲ ಜೊತೆ ನಾನೂ ಹಿಂದಕ್ಕೆ ಬಾಗುತ್ತಿದ್ದೆ. ಹಸಿ ಕೂದಲು ಉಬ್ಬಿರುತ್ತದೆ, ಎಳೆದರೆ ಹಿಗ್ಗುತ್ತದೆ, ಹಿಗ್ಗಿ ಹಿಗ್ಗಿ ಹರಿಯುತ್ತದೆ. ಅಗಲ ಹಲ್ಲಿನ ಹಣಿಗೆಯಲ್ಲಿ ಮೊದಲು ತುದಿ ಬಿಡಿಸಿ, ಆಮೇಲೆ ನಡು, ಕಡೆಗೆ ನೆತ್ತಿ ಎಂದು ಬರಬೇಕಂತೆ. ಇದನ್ನು ಅವ್ವನಿಗೆ ಹೇಳಿದೆ. “ಮನಿ ಕಸಾ ಬಾಗಲದಿಂದ ಒಳಗ ಹೊಡೀತಾರೇನ?” ಅಂದಳು.

ಎಣ್ಣೆಯ ವಿಷಯದಲ್ಲಿ ಮಾತ್ರ ಅವಳಿಗೆ ದೊಡ್ಡ ಸಾಕ್ಷಿ ಸಿಕ್ಕಿತು. 2003ರಲ್ಲಿ ಮುಂಬೈಯ ಆರತಿ ರೇಲೆ ಮತ್ತು ಆರ್. ಬಿ. ಮೊಹಿಲೆ ಎಂಬ ಇಬ್ಬರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಮೂರನ್ನೂ ಕೂದಲಿಗೆ ಹಚ್ಚಿ ತೊಳೆದು ನೋಡಿದರು. ಕೂದಲಿನ ಪ್ರೋಟೀನು ಸೋರಿ ಹೋಗುವುದನ್ನು ತಡೆದದ್ದು ಕೊಬ್ಬರಿ ಎಣ್ಣೆ ಒಂದೇ. ಅದರ ಲಾರಿಕ್ ಆಮ್ಲದ ಕಣ ಸಣ್ಣದು, ನೆಟ್ಟಗಿನದು, ಹಾಗಾಗಿ ಕೂದಲ ಒಳಕ್ಕೇ ಇಳಿಯುತ್ತದೆ. ತೊಳೆಯುವ ಮೊದಲೇ ಹಚ್ಚಿದರೆ ಕೂದಲು ನೀರು ಕುಡಿದು ಉಬ್ಬುವುದೂ ಕಡಿಮೆ. ಆ ಇಬ್ಬರೂ ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ಎಂಬುದನ್ನು ನಾನು ಅವ್ವನಿಗೆ ಹೇಳಲಿಲ್ಲ. ಹೇಳದಿದ್ದರೂ ಅವಳು ಅಂದದ್ದು: “ಇಷ್ಟಕ್ಕ ಮುಂಬೈತನಕ ಯಾಕ ಹೋಗಬೇಕಿತ್ತು?”

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಒಂದು ದಿನ ಒಂಬತ್ತನೆಯ ತರಗತಿಗೆ ಈರುಳ್ಳಿ ಪೊರೆ ತೋರಿಸಲು ಸೂಕ್ಷ್ಮದರ್ಶಕ ಹೊರತೆಗೆದಿದ್ದೆ. ಈರುಳ್ಳಿ ತರಬೇಕಾದ ಹುಡುಗ ಮರೆತು ಬಂದಿದ್ದ. ಪೀರಿಯಡ್ ಹಾಳಾಗಬಾರದೆಂದು ನನ್ನದೇ ಒಂದು ಕೂದಲು ಕಿತ್ತು ಗಾಜಿನ ಮೇಲಿಟ್ಟೆ. ಮಕ್ಕಳು ಸಾಲಾಗಿ ಬಂದು ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದರು. ಒಬ್ಬಳು ತಲೆ ಎತ್ತದೆಯೇ ಅಂದಳು: “ಟೀಚರ್, ಪುಂಡಿ ಹಗ್ಗ ಬಿಚ್ಚಿದಂಗ ಅದ ನೋಡ್ರಿ.”

ಪಠ್ಯಪುಸ್ತಕದವರು ಎರಡು ಪುಟ ಬರೆದರೂ ಇಷ್ಟು ಚೆನ್ನಾಗಿ ಹೇಳಲಾರರು. ಪುಂಡಿ ನಾರನ್ನು ಹೊಸೆದು ಹಗ್ಗ ಮಾಡುವುದನ್ನು ನೋಡಿದವರಿಗೆ ಗೊತ್ತು. ಹಗ್ಗದ ಬಲ ಇರುವುದು ಒಳಗಿನ ನಾರಿನಲ್ಲಿ. ಆ ನಾರು ಒಗ್ಗಟ್ಟಾಗಿರುವುದು ಹೊಸೆತ ಬಿಗಿಯಾಗಿರುವ ತನಕ ಮಾತ್ರ. ಕೂದಲೂ ಹಾಗೆಯೇ. ಒಳಗೆ ಕೆರಾಟಿನ್ ಎಂಬ ಪ್ರೋಟೀನಿನ ನಾರುಗಳ ಕಟ್ಟು. ಹೊರಗೆ ಒಂದರ ಮೇಲೊಂದು ಹೊದ್ದುಕೊಂಡ ತೆಳ್ಳನೆಯ ಸಿಪ್ಪೆಗಳು, ಮೀನಿನ ಮೈಮೇಲಿನ ಹಾಗೆ. ಹಣಿಗೆ, ಬಿಸಿಲು, ಗಾಳಿ, ಬಣ್ಣ, ಬಿಸಿ, ತಲೆದಿಂಬಿನ ತಿಕ್ಕಾಟ ಇವೆಲ್ಲ ಸೇರಿ ಸಿಪ್ಪೆಯನ್ನು ಸವೆಸುತ್ತವೆ. ಸಿಪ್ಪೆ ಹೋದಲ್ಲಿ ನಾರು ಬಿಚ್ಚುತ್ತದೆ. ಹಗ್ಗವಾದರೆ ಮುತ್ಯಾ ತುದಿಗೊಂದು ಗಂಟು ಹಾಕುತ್ತಿದ್ದ. ಕೂದಲಿಗೆ ಗಂಟು ಹಾಕಿದರೆ ಅದು ಬೇರೆಯದೇ ಕಥೆ.

ಗಂಟು ಹಾಕುವುದೊಂದನ್ನು ಬಿಟ್ಟು ನಾನು ಉಳಿದದ್ದೆಲ್ಲ ಮಾಡಿದೆ. ಮೆಂತೆ ನೆನೆಸಿ ರುಬ್ಬಿ ಹಚ್ಚಿದೆ. ದಾಸವಾಳದ ಎಲೆ ಕಿವುಚಿದೆ. ಹುಳಿ ಮಜ್ಜಿಗೆ ಹಾಕಿಕೊಂಡೆ, ಆ ದಿನ ಬೆಕ್ಕು ನನ್ನ ಬೆನ್ನು ಬಿಡಲಿಲ್ಲ. ಸಹೋದ್ಯೋಗಿಯೊಬ್ಬರು ತತ್ತಿ ಹಚ್ಚಿರಿ ಅಂದರು. ತತ್ತಿಯ ಹೆಸರೆತ್ತಿದರೆ ಅಡುಗೆಮನೆ ತೊಳೆಯುವ ಮನೆ ನಮ್ಮದು. ಅವ್ವ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೋದ ದಿನ ನೋಡಿ, ಪೇಪರಿನಲ್ಲಿ ಸುತ್ತಿ ಎರಡು ತಂದು, ಬಚ್ಚಲ ಬಾಗಿಲು ಹಾಕಿಕೊಂಡು ಒಡೆದು ಹಚ್ಚಿದೆ. ತೊಳೆಯಲು ನೀರು ಸ್ವಲ್ಪ ಬಿಸಿಯಾಯಿತು. ತಲೆಯ ಮೇಲೇ ಪಲ್ಯವಾಯಿತು. ಹಣಿಗೆಯಿಂದ ಬಿಳಿ ಬಿಳಿ ಚೂರು ಬಿಡಿಸುತ್ತ ರಾತ್ರಿಯಾಯಿತು. ದೀಪ ಹಚ್ಚಿದ ಮೇಲೆ ತಲೆ ಹಿಕ್ಕಿದ ಪಾಪವೂ ಸೇರಿಕೊಂಡಿತು. ತತ್ತಿಯ ಪ್ರೋಟೀನು ದೊಡ್ಡ ಕಣ, ಕೂದಲ ಒಳಕ್ಕೆ ಹೋಗುವುದೇ ಇಲ್ಲ ಎಂದು ಆ ಮೇಲೆ ಓದಿದೆ. ಓದುವುದನ್ನು ಮೊದಲು ಮಾಡಬೇಕಿತ್ತು, ಅದೂ ವಿಜ್ಞಾನದ ಟೀಚರು.

ಅಣ್ಣನ ಮಗನ ಮದುವೆಗೆಂದು ಒಂದು ಬ್ಯೂಟಿ ಪಾರ್ಲರಿಗೂ ಹೋದೆ. ಹೆಸರು ಬೇಡ, ಅವರೂ ಹೊಟ್ಟೆಪಾಡಿಗೆ ಇಟ್ಟವರು. ಒಂದು ಚೀಲ ಜೋಳದ ರೊಕ್ಕ ತೆಗೆದುಕೊಂಡು ಕೂದಲನ್ನು ನೆಟ್ಟಗೆ ಮಾಡಿದರು. ಇನ್ನೂ ಪೂರ್ತಿ ಆರದ ಕೂದಲ ಮೇಲೆ ಬಿಸಿ ಇಕ್ಕಳ ಎಳೆದಾಗ ಚುರ್ ಎಂದು ಸದ್ದಾಗಿ ಹಬೆ ಎದ್ದಿತು. ಆ ಸದ್ದು ನನಗೆ ಚಿಕ್ಕಂದಿನಿಂದ ಗೊತ್ತು. ರೊಟ್ಟಿಯನ್ನು ಹೆಂಚಿಗೆ ಹಾಕಿ ಮೇಲೆ ನೀರು ಸವರಿದಾಗ ಬರುವ ಸದ್ದು. ರೊಟ್ಟಿ ಉಬ್ಬುವುದು ಒಳಗಿನ ನೀರು ಹಬೆಯಾಗುವುದರಿಂದ. ಹಸಿ ಕೂದಲಿನಲ್ಲೂ ಅದೇ ಆಗುತ್ತದೆ. ಒಳಗಿನ ನೀರು ಕುದಿದು ಗುಳ್ಳೆಯೇಳುತ್ತದೆ, ಗುಳ್ಳೆ ಎದ್ದಲ್ಲಿ ಕೂದಲು ಪೊಳ್ಳಾಗಿ ಮುರಿಯುತ್ತದೆ. ಉಬ್ಬಿದ ರೊಟ್ಟಿಗೆ ಶೇಂಗಾ ಹಿಂಡಿ ಮೊಸರು ಇದೆ, ಉಬ್ಬಿದ ಕೂದಲಿಗೆ ಏನಿದೆ? ಮದುವೆಯ ಎರಡು ದಿನ ಸಿನಿಮಾದವಳ ಹಾಗಿದ್ದೆ. ಎರಡು ತಿಂಗಳಿಗೆ ಹೆರಳ ತುದಿ ಹಳೆಯ ಕಸಬರಿಗೆಯಾಗಿತ್ತು.

ಸೀರಮ್ಮಿನ ಸಣ್ಣ ಸೀಸೆಯೊಂದೂ ಬಂತು. ಅದು ಮೋಸವೇನಲ್ಲ, ಅದರಲ್ಲಿರುವ ಸಿಲಿಕೋನು ಒಡೆದ ಎಳೆಗಳನ್ನು ತಾತ್ಕಾಲಿಕವಾಗಿ ಅಂಟಿಸಿ ಹೊಳಪು ಕೊಡುತ್ತದೆ. ಮುಂದಿನ ಮಂಗಳವಾರ ತೊಳೆದರೆ ಎಳೆಗಳು ಮತ್ತೆ ತಂತಮ್ಮ ದಾರಿ ಹಿಡಿಯುತ್ತವೆ.

ಇನ್ನು ನೀರು. ನಮ್ಮ ಕಡೆ ‘ಸವಳು-ಜವಳು’ ಎಂದರೆ ಹೊಲದ ಮಾತು. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ನೀರು ನಿಂತು, ಉಪ್ಪು ಮೇಲೆದ್ದು ಕೆಟ್ಟ ಕಪ್ಪು ನೆಲಕ್ಕೆ ರೈತರು ಅನ್ನುವುದು ಹಾಗೆ. ಯಾದಗಿರಿಯಲ್ಲಿ ನಾವು ಬಾಡಿಗೆಗಿರುವ ಮನೆಯ ಬೋರಿನ ನೀರು ನೋಡಿದ ಮೇಲೆ ಆ ಮಾತು ತಲೆಗೂ ಸಲ್ಲುತ್ತದೆ ಎನಿಸಿತು. ಬಕೀಟಿನ ಅಂಚಿಗೆ ಸುಣ್ಣದ ಗೆರೆ, ಸಾಬೂನು ಎಷ್ಟು ತಿಕ್ಕಿದರೂ ನೊರೆ ಇಲ್ಲ, ತೊಳೆದ ಕೂದಲು ಒಣಗಿದರೆ ತೆಂಗಿನ ನಾರು. ಕ್ಯಾಲ್ಸಿಯಂ, ಮೆಗ್ನೀಷಿಯಂ ಎರಡೂ ಕೂದಲಿಗೆ ಮೆತ್ತಿಕೊಳ್ಳುತ್ತವೆ. ಸಾಬೂನು ಹಚ್ಚಿದರಂತೂ ಸುಣ್ಣ-ಸಾಬೂನು ಕೂಡಿ ಅಂಟಾಗುತ್ತದೆ, ಶಾಂಪೂ ಅಷ್ಟು ತೊಂದರೆ ಕೊಡುವುದಿಲ್ಲ. ಕಡೆಯ ಎರಡು ಚೊಂಬು ಒಳ್ಳೆಯ ನೀರು, ಅದಕ್ಕೆ ನಾಲ್ಕು ಹನಿ ಲಿಂಬೆ ಹಿಂಡಿ ಸುರಿದುಕೊಂಡರೆ ಸಿಪ್ಪೆ ಕೂತುಕೊಳ್ಳುತ್ತದೆ ಎಂದು ಗೊತ್ತಾಗಿ, ಶುದ್ಧ ನೀರಿನ ಘಟಕಕ್ಕೆ ಕಾಯಿನ್ ಹಾಕಿ ಕ್ಯಾನು ತಂದು ಎರಕೊಳ್ಳತೊಡಗಿದೆ. ಓಣಿಯಲ್ಲಿ ಸುದ್ದಿಯಾಯಿತು. “ಕುಡಿಯೋ ನೀರಿಲೆ ತಲಿ ಎರಕೊಂತಾಳಂತ. ಸರಕಾರಿ ಪಗಾರ ನೋಡವ್ವ.”

ಅವ್ವನ ದೂರೂ ನೀರಿನ ಮೇಲೆಯೇ. ಸುರಪುರದ ಮನೆ ಬಿಟ್ಟು ಬಂದಂದಿನಿಂದ ಅವಳ ಎಲ್ಲ ರೋಗಕ್ಕೂ ಯಾದಗಿರಿಯ ನೀರೇ ಕಾರಣ. ಮೊಣಕಾಲು ನೋವು ನೀರಿನಿಂದ, ಬೇಳೆ ಬೇಯದ್ದು ನೀರಿನಿಂದ, ಅಣ್ಣ ಪುಣೆಯಿಂದ ಫೋನು ಮಾಡದೆ ಇರುವುದೂ ಹೇಗೋ ನೀರಿನಿಂದಲೇ. “ನಮ್ಮ ಬಾವಿ ನೀರು ಅಂದ್ರ ಎಳನೀರು,” ಅನ್ನುತ್ತಾಳೆ. ಮೇ ತಿಂಗಳಲ್ಲಿ ಆ ಎಳನೀರಿನ ಬಾವಿಯ ತಳಕ್ಕೆ ಕೊಡ ತಾಕಿ ಟಣ್ ಎನ್ನುತ್ತಿದ್ದದ್ದು, ಟ್ಯಾಂಕರಿನವನ ಜೊತೆ ಅವಳೇ ಜಗಳವಾಡುತ್ತಿದ್ದದ್ದು ಅವಳ ನೆನಪಿನಲ್ಲಿಲ್ಲ. ನನ್ನ ನೆನಪಿನಲ್ಲಿದೆ, ಆದರೆ ನಾನೂ ಎತ್ತುವುದಿಲ್ಲ.

ಕಡೆಗೆ ಚರ್ಮದ ಡಾಕ್ಟರರ ಹತ್ತಿರ ಹೋದೆ. ಅವರು ತುದಿ ನೋಡಿ ನಕ್ಕರು. “ಮೇಡಂ, ಜೀವ ಇರೋದು ಬೇರಿಗಷ್ಟೇ. ಚರ್ಮ ಬಿಟ್ಟು ಹೊರಗ ಬಂದ ಕೂದಲ ಸತ್ತದ್ದು. ಸತ್ತದ್ದಕ್ಕ ನಾ ಏನ್ ಔಷಧ ಕೊಡ್ಲಿ? ತುದಿ ಕತ್ತರಿಸ್ರಿ. ಮೂರು ನಾಲ್ಕು ತಿಂಗಳಿಗೊಮ್ಮೆ ಅರ್ಧ-ಒಂದು ಇಂಚು ತೆಗೀರಿ. ಸೀಳು ಮ್ಯಾಲ ಹತ್ತೋದು ನಿಲ್ತದ.” ಗುಳಿಗೆ ಬರೆಯಲಿಲ್ಲ. ಫೀ ತೆಗೆದುಕೊಂಡರು. ಕೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯುತ್ತದೆ ಎಂಬುದನ್ನೂ ಹೇಳಿ ಕಳಿಸಿದರು.

ಆ ಅರ್ಧ ಇಂಚು ನನ್ನನ್ನು ಲೆಕ್ಕಕ್ಕೆ ಕೂರಿಸಿತು. ನನ್ನ ಕೂದಲು ನೆತ್ತಿಯಿಂದ 28 ಇಂಚು. ಯಾದಗಿರಿಗೆ ಬಂದು ನಾಲ್ಕು ವರ್ಷ, ಅಂದರೆ 48 ತಿಂಗಳು, 24 ಇಂಚು. ಹಾಗಾದರೆ ಸೊಂಟದ ಹತ್ತಿರ ನೇತಾಡುವ ಕೊನೆಯ ನಾಲ್ಕು ಇಂಚು ಹುಟ್ಟಿದ್ದು ಸುರಪುರದಲ್ಲಿ. ಬಾವಿಯ ನೀರು, ತೊಗರಿ ಕಟ್ಟಿಗೆಯ ಹೊಗೆ, ಸೀಗೆಪುಡಿ, ಅವ್ವನ ಹಿಟ್ಟು ನಾದುವ ಕೈ ಎಲ್ಲ ಕಂಡ ಕೂದಲು ಅದು. ಕವಲೊಡೆದದ್ದು ಅದೇ. ಬೋರಿನ ನೀರಲ್ಲೇ ಹುಟ್ಟಿ ಬೆಳೆದದ್ದು ಇನ್ನೂ ಗಟ್ಟಿಮುಟ್ಟಾಗಿದೆ. ಒಳ್ಳೆಯ ನೀರಿನದು ಮುರಿಯಿತು, ಸವಳು ನೀರಿನದು ಉಳಿಯಿತು. ಇದರಲ್ಲಿ ಅನ್ಯಾಯವೇನೂ ಇಲ್ಲ, ಹಳೆಯದು ಹೆಚ್ಚು ಪೆಟ್ಟು ತಿಂದಿದೆ, ಅಷ್ಟೇ. ಆದರೂ ಅವತ್ತು ಬಸ್ಸಿನಲ್ಲಿ ತುದಿಯನ್ನು ಸೀಳಲು ನನಗೆ ಮನಸ್ಸಾಗಲಿಲ್ಲ.

ಈ ಲೆಕ್ಕವನ್ನು ಅವ್ವನ ಮುಂದೆ ಹೇಳಿದ್ದು ಬೇಕೆಂದೇನೂ ಅಲ್ಲ. ಡಾಕ್ಟರು ಕತ್ತರಿ ಅಂದರು ಎಂದು ಹೇಳಿ ಬೈಗುಳ ತಿನ್ನಲು ತಯಾರಾಗಿ ಕೂತಿದ್ದೆ, ಮಾತಿಗೆ ಮಾತು ಬಂತು. ಅವ್ವ ಹೆರಳು ಬಿಚ್ಚಿ, ತುದಿಯನ್ನು ಅಂಗೈಯಲ್ಲಿ ಹರಡಿಕೊಂಡು, ಕನ್ನಡಕ ಏರಿಸಿ ನೋಡಿದಳು. ಬಹಳ ಹೊತ್ತು ನೋಡಿದಳು.

“ಇಷ್ಟು ನಮ್ಮ ಬಾವಿ ನೀರಿಂದಾ?”

“ಹೂಂ ಅವ್ವ. ನಾಕ ಇಂಚು.”

“ಯಾರ ಹೇಳ್ಯಾರ?”

“ಲೆಕ್ಕ ಹಾಕೀನಿ.”

“ಹಂಗಾರ ಖರೇ ಇರ್ತದ,” ಅಂದಳು. ಹೊಲಿಗೆ ಡಬ್ಬಿ ತಾ ಅಂದಳು. ತಂದೆ. ನನ್ನ ಬೆನ್ನ ಹಿಂದೆ ಕೂತು ತುದಿಗೆ ಅಡ್ಡವಾಗಿ ಎರಡು ಬೆರಳಿಟ್ಟಳು. ನಲವತ್ತು ವರ್ಷ ಯಾರನ್ನೂ ಮುಟ್ಟಗೊಡದ ಕೂದಲಿಗೆ ಅವಳೇ ಕತ್ತರಿ ಹಚ್ಚಿದಳು. ರವಿಕೆ ಬಟ್ಟೆ ಕತ್ತರಿಸುವ ಕತ್ತರಿ, ಮೊಂಡಾಗಿತ್ತು. ಕಚ್ ಎನ್ನಬೇಕಾದ್ದು ಕರ ಕರ ಎಂದಿತು. ಮೊಂಡ ಕತ್ತರಿಯಿಂದ ಕತ್ತರಿಸಿದರೆ ತುದಿ ಮತ್ತೆ ಬೇಗ ಸೀಳುತ್ತದೆ, ಕೂದಲಿಗೆಂದೇ ಹರಿತವಾದದ್ದು ಬೇಕು. ಅದನ್ನು ಆ ಹೊತ್ತಿನಲ್ಲಿ ಹೇಳುವಷ್ಟು ವಿಜ್ಞಾನ ನನ್ನಲ್ಲಿ ಉಳಿದಿರಲಿಲ್ಲ. ಮುಗಿದ ಮೇಲೆ ಅವ್ವ ಅಂದಳು: “ಸಾಕು. ಉಳಿದದ್ದು ದೀಪಾವಳಿಗೆ ನೋಡಮು.”

ಕತ್ತರಿಸಿದ್ದನ್ನು ಅವಳು ಎಸೆಯಲಿಲ್ಲ. ಬಾಡಿಗೆ ಮನೆಯ ಸಿಮೆಂಟು ಗೋಡೆಗೆ ಸಂದಿ ಇಲ್ಲ. ಹಾಗಾಗಿ ನಾಲ್ಕು ವರ್ಷದಿಂದ ಹಣಿಗೆಯ ಕೂದಲೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ಸೇರುತ್ತಿದೆ. ಇದನ್ನೂ ಅದರೊಳಗೇ ಹಾಕಿದಳು. ತಲೆಗೂದಲಿಗೆ ಪಾತ್ರೆ ಕೊಡುವವನು ತಿಂಗಳಿಗೊಮ್ಮೆ ಬೈಕಿನಲ್ಲಿ ಬರುತ್ತಾನೆ. ಅವನು ಒಯ್ದದ್ದು ಕೈಯಿಂದ ಕೈ ದಾಟಿ ಕೊಪ್ಪಳದ ಹತ್ತಿರದ ಭಾಗ್ಯನಗರ ಸೇರುತ್ತದೆ. ಅಲ್ಲಿ ಮನೆಮನೆಯಲ್ಲಿ ಹೆಂಗಸರು ಕೂತು ಉಂಡೆ ಬಿಡಿಸಿ, ಹಿಕ್ಕಿ, ಉದ್ದ ನೋಡಿ ಕಟ್ಟು ಕಟ್ಟುತ್ತಾರೆ. ಅಲ್ಲಿಂದ ಚೀನಾಕ್ಕೆ, ಇನ್ನೆಲ್ಲೆಲ್ಲಿಗೋ ಹೋಗಿ ಟೋಪನ್ ಆಗುತ್ತದೆ. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಚ್ಚಾ ಕೂದಲಿನ ರಫ್ತಿಗೆ ನಿರ್ಬಂಧ ಹಾಕಿತು. ಆ ವರ್ಷ ಅವ್ವನಿಗೆ ಬೋಗುಣಿಯ ಬದಲು ಚಹಾ ಸೋಸುವ ಜರಡಿ ಸಿಕ್ಕಿತ್ತು.

ಈ ಸಲ ಅವನು ಚೀಲ ಬಿಚ್ಚಿ ಕೈಯಾಡಿಸಿದ. ಉಂಡೆಗಳನ್ನು ತಕ್ಕಡಿಗೆ ಹಾಕಿಕೊಂಡ. ಕತ್ತರಿಸಿದ ತುಂಡುಗಳನ್ನು ಬೇರೆ ತೆಗೆದು ಕಟ್ಟೆಯ ಮೇಲಿಟ್ಟ.

“ಇದು ಬ್ಯಾಡ ಆಯಿ. ತುಂಡು. ಇದಕ್ಕ ರೇಟಿಲ್ಲ.”

“ಅದು ಸುರಪುರದ್ದೋ,” ಅಂದಳು ಅವ್ವ.

“ಎಲ್ಲಿಂದಾದ್ರೂ ಅಷ್ಟಾ ಆಯಿ,” ಅಂದ ಅವನು. ಉಂಡೆಗಳಿಗೆ ಒಂದು ಸಣ್ಣ ಸ್ಟೀಲ್ ಬಟ್ಟಲು ಕೊಟ್ಟು ಬೈಕು ಒದ್ದು ಹೋದ.

ಆ ಬಟ್ಟಲಲ್ಲಿ ಈಗ ಪ್ರತಿ ಗುರುವಾರ ರಾತ್ರಿ ಕೊಬ್ಬರಿ ಎಣ್ಣೆ ಬೆಚ್ಚಗಾಗುತ್ತದೆ. ಎರಡು ಬೆರಳೆಂದರೆ ಒಂದೂವರೆ ಇಂಚು. ಸುರಪುರ ಇನ್ನು ಎರಡೂವರೆ ಇಂಚು ಉಳಿದಿದೆ.